ಕೆಂಪು ಗೆರೆ ಬಲಕ್ಕೆ

ಇಲ್ಲೀಝಿ
ಅಕ್ಟೋಬರ್ 3, 1978

ತಂಗಿ ಝುಲೀಖಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಮಾತಿಗೆ ಉತ್ತರ ಕೊಡು. ನಿನ್ನ ಮೇಲಧಿಕಾರಿ ಶೆನೂಫ್ ಸಾಹೇಬರು ನನ್ನ ಕೈಗಿತ್ತ ಕಾಗದದ ವಿಷಯ ನಿನಗೆ ಗೊತ್ತಿತ್ತೋ ಇಲ್ಲವೋ?

ಗೊತ್ತಿರಲಿಲ್ಲ ಎಂದುಕೊಂಡೇ ಬರೆಯುತ್ತೇನೆ. ಗೊತ್ತಿತ್ತು ಎಂದಾದರೆ ಮುಂದೆ ಓದಬೇಡ, ಹರಿದು ಒಲೆಗೆ ಹಾಕು.

ಕಳೆದ ಸೋಮವಾರ ನನ್ನನ್ನು ಕೆಲಸದಿಂದ ತೆಗೆದರು. ಆರು ವರ್ಷ ಆ ಕಲ್ಲಿನ ಉಗ್ರಾಣದ ಬೀಗದ ಕೈ ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಎರಡು ಸಾವಿರ ಮೀಟರ್ ಆಳದಿಂದ ನೀವು ಕೊರೆದು ತರುವ ಕಲ್ಲಿನ ದಿಂಡುಗಳಲ್ಲಿ ಬೆರಳುಗಾತ್ರದ ಚೂರೊಂದು ಕಳೆದಿದ್ದರೆ ಯಾರಾದರೂ ಬಂದು ಹೇಳಲಿ. ಮಕ್ಕಳನ್ನು ಮಲಗಿಸಿದಂತೆ ಪೆಟ್ಟಿಗೆಗಳಲ್ಲಿ ಮಲಗಿಸಿಟ್ಟಿದ್ದೆ. ಸಾಹೇಬರು ತನಿಖೆಗೆ ಬಂದವರು ನಿನ್ನ ಒಂದನೇ ಎಣ್ಣೆಬಾವಿಯ ದಿಂಡುಗಳ ಪೆಟ್ಟಿಗೆ ತೆಗೆಸಿದರು. ಹನ್ನೆರಡು, ಹದಿಮೂರು, ಹದಿನಾಲ್ಕು. ನೋಡಿದ್ದೇ ತಡ, ಮುಖ ಮೆಣಸಿನಕಾಯಿ.

"ಯಾವನು ಇದನ್ನ ಮುಟ್ಟಿದ್ದು?"

"ನಾನೇ ಸಾಹೇಬ್ರೆ. ತಲೆಕೆಳಗಾಗಿ ಮಲಗಿದ್ವು, ಎತ್ತಿ ಸರಿಯಾಗಿ ಮಲಗಿಸ್ದೆ."

"ತಲೆಕೆಳಗಾಗಿರೋದು ನಿನ್ನ ತಲೆ ಕಣಯ್ಯ! ದಿಂಡು ನೆಟ್ಟಗೆ ನಿಂತಾಗ ಕೆಂಪು ಗೆರೆ ಬಲಕ್ಕೆ, ಕಪ್ಪು ಗೆರೆ ಎಡಕ್ಕೆ. ಆರು ವರ್ಷದಲ್ಲಿ ಇಷ್ಟೂ ತಲೆಗೆ ಹತ್ತಲಿಲ್ವ?"

"ನನಗೆ ಹತ್ತಿದೆ. ಗೆರೆ ಎಳೆದೋರಿಗೆ ಹತ್ತಿಲ್ಲ ಅನ್ಸುತ್ತೆ."

ಅಷ್ಟು ಸಾಕಾಯಿತು. ಸಂಜೆಯೊಳಗೆ ಕಾಗದ ಬಂತು. 'ಕಂಪನಿಯ ದಿಂಡುಗಳನ್ನು ಅನುಮತಿಯಿಲ್ಲದೆ ಕೆಡಿಸಿದವನು' ಎಂದು ಬರೆದಿದೆ. ಊರಲ್ಲಿ ಎಲ್ಲರಿಗೂ ಗೊತ್ತಾಗಿದೆ. ಮರಳುಗಾಡಿನಲ್ಲಿ ದಾರಿ ತೋರಿಸಿ ಬದುಕಿದ ಮನೆತನ ನಮ್ಮದು. ಮೇಲು ಯಾವುದು, ಕೆಳಗು ಯಾವುದು ಎಂದು ಗೊತ್ತಿಲ್ಲದವನ ಹಿಂದೆ ಯಾರು ಒಂಟೆ ಹೊಡೆದುಕೊಂಡು ಬರುತ್ತಾರೆ?

ಹೌದು, ತಿರುಗಿಸಿದೆ. ಯಾಕೆ ಎಂದು ಕೇಳು. ಹದಿನಾಲ್ಕನೇ ಪೆಟ್ಟಿಗೆಯ ಕಲ್ಲಿನಲ್ಲಿ ಒಣಗಿದ ಕೆಸರಿನ ಚಕ್ಕೆಗಳಿವೆ. ಪ್ರವಾಹ ಇಳಿದ ಮೇಲೆ ಹಳ್ಳದ ಪಾತ್ರದಲ್ಲಿ ಕೆಸರು ಒಡೆದು ಅಂಚು ಸುರುಳಿ ಸುತ್ತಿ ಬಟ್ಟಲಾಗುತ್ತದಲ್ಲ, ಅದೇ. ಚಿಕ್ಕಂದಿನಲ್ಲಿ ನಾನೂ ನನ್ನ ಅಕ್ಕನೂ ಅದರಲ್ಲಿ ಆಟದ ಅಡುಗೆ ಮಾಡಿದವರು. ಆ ಬಟ್ಟಲು ಬಾಯಿ ಮೇಲೆ ಮಾಡಿಕೊಂಡು ಕೂರುತ್ತದೆ, ಇಂದೂ ಅಷ್ಟೆ, ನಲವತ್ತು ಕೋಟಿ ವರ್ಷದ ಹಿಂದೆಯೂ ಅಷ್ಟೆ. ನಿನ್ನ ಗೆರೆಯ ಪ್ರಕಾರ ಮಲಗಿಸಿದರೆ ಅಷ್ಟೂ ಬಟ್ಟಲು ಬೋರಲು. ಒಂದಲ್ಲ, ಎರಡಲ್ಲ, ಅಷ್ಟೂ!

ನಿನ್ನ ವರದಿ ಪ್ರಕಾರ ಆ ಮರಳುಕಲ್ಲು ಹಳೆಯ ಸಮುದ್ರದ ದಂಡೆ. ದಂಡೆಯಾದರೆ ಪೂರ್ವಕ್ಕೂ ಚಾಚಿರಬೇಕು. ಅದಕ್ಕೇ ಪೂರ್ವಕ್ಕೆ ಹನ್ನೆರಡು ಕಿಲೋಮೀಟರ್ ದೂರದ ತೆಬೋರಾಕ್ ನೀರಿನ ಬಾವಿಯ ಪಕ್ಕ ಎರಡನೇ ಎಣ್ಣೆಬಾವಿ, ಜನವರಿ ಹತ್ತಕ್ಕೆ. ಕೊರೆಯುವ ಯಂತ್ರಕ್ಕೆ ಬೇಕಾದ ನೀರೆಲ್ಲ ನಮ್ಮ ತೆಬೋರಾಕ್ ಬಾವಿಯಿಂದಲೇ. ಆದರೆ ಕಲ್ಲನ್ನು ತಿರುಗಿಸಿ ನೋಡು. ಅದು ನದಿ, ತಂಗಿ. ನದಿ ಪೂರ್ವಕ್ಕೆ ಹಾಸಿಗೆಯಂತೆ ಹರಡಿರುವುದಿಲ್ಲ. ಅಲ್ಲಿ ಏನೂ ಸಿಗುವುದಿಲ್ಲ, ಬಾವಿ ಮಾತ್ರ ಹೋಗುತ್ತದೆ.

ನೀನು ಮೊದಲ ಸಲ ಬಂದಾಗ ತುಟಿ ಒಡೆದು ರಕ್ತ ಬರುತ್ತಿತ್ತು. ಆ ಬಾವಿಯ ನೀರನ್ನು ನನ್ನ ಅಕ್ಕ ಫದಿಮಾತಾ ತನ್ನ ಕೈಯಾರೆ ಕುಡಿಸಿದಳು. ನೀನು ಯಾರು, ಎತ್ತ ಎಂದು ಕೇಳಲಿಲ್ಲ. ನಮ್ಮಲ್ಲಿ ಅಪ್ಪನನ್ನು ಕೊಂದವನೇ ಗುಡಾರದ ಮುಂದೆ ನಿಂತರೂ ಮೊದಲು ನೀರು, ಆಮೇಲೆ ಕತ್ತಿ. ಆ ನೀರಿನ ಮೇಲೆ ಕೇಳುತ್ತಿದ್ದೇನೆ. ಪೆಟ್ಟಿಗೆ ಹದಿನಾಲ್ಕನ್ನು ನೀನೇ ನೋಡು. ನೋಡಿ ಸಾಹೇಬರಿಗೆ ಹೇಳು.

ನಿನ್ನ ಅಣ್ಣ,
ಎಗ್ಲೆಸ್ ಅಗ್ ಖಾಮಿದು

*

ಬೂಮೆರ್ದೆಸ್
ಅಕ್ಟೋಬರ್ 29, 1978

ಎಗ್ಲೆಸ್ ಅಣ್ಣನಿಗೆ,

ನಿಮ್ಮ ಪತ್ರ ಇಪ್ಪತ್ತೆರಡು ದಿನ ತೆಗೆದುಕೊಂಡು ಬಂತು. ಓದಿ ಬೇಜಾರಾಯಿತು. ನಿಮ್ಮನ್ನು ತೆಗೆದ ವಿಷಯ ನನಗೆ ಗೊತ್ತಿರಲಿಲ್ಲ, ದೇವರಾಣೆ. ಆದರೆ ಗೊತ್ತಾದ ಮೇಲೂ ಶೆನೂಫ್ ಸಾಹೇಬರದೇ ತಪ್ಪು ಎನ್ನಲು ನನ್ನಿಂದಾಗದು. ಅಣ್ಣಾ, ದಿಂಡನ್ನು ಯಾರೂ ತಿರುಗಿಸಬಾರದು. ಮಂತ್ರಿ ಬಂದರೂ ತಿರುಗಿಸಬಾರದು! ನೆಲದಡಿಯಲ್ಲಿ ಯಾವುದು ಮೇಲಿತ್ತು ಎಂದು ಹೇಳಲು ನಮಗಿರುವುದು ಆ ಎರಡು ಗೆರೆ ಮಾತ್ರ. ಅದನ್ನೇ ಅಲ್ಲಗಳೆದರೆ ಉಳಿಯುವುದು ಕಲ್ಲಿನ ರಾಶಿ.

ಕೆಸರಿನ ಬಟ್ಟಲಿನ ಮಾತು. ನೀವು ಹಳ್ಳ ನೋಡಿ ಬೆಳೆದವರು, ಎಲ್ಲ ಕಲ್ಲೂ ನಿಮಗೆ ಹಳ್ಳವೇ. ಅವು ಅಲೆಗೆ ಸಿಕ್ಕಿ ಮಗುಚಿಬಿದ್ದ ಚಕ್ಕೆಗಳಿರಬಹುದು. ಒಂದು ಚಕ್ಕೆಯನ್ನು ನೋಡಿ ಕಥೆ ಕಟ್ಟಲಾಗದು. ಇಡೀ ದಿಂಡನ್ನು ನೋಡಬೇಕು. ಕೆಳಗೆ ನುಣುಪು ಜೇಡಿ, ಮೇಲೆ ಹೋದಂತೆ ಮರಳು, ಎಲ್ಲಕ್ಕಿಂತ ಮೇಲೆ ಉರುಟುಕಲ್ಲು. ಆಳದ ಸಮುದ್ರವಿದ್ದ ಕಡೆಗೆ ದಂಡೆ ನಿಧಾನವಾಗಿ ಮುಂದೊತ್ತಿ ಬಂದರೆ ಹೀಗೆಯೇ ಸಾಲಾಗಿ ಕೂರುತ್ತದೆ. ಇದನ್ನು ಬರೆಯಲು ನಾನು ಎಂಟು ತಿಂಗಳು ಕಣ್ಣು ಕೆಡಿಸಿಕೊಂಡಿದ್ದೇನೆ. ಮಾರ್ಚಿನಲ್ಲಿ ರಾಜಧಾನಿಯ ವಿಚಾರ ಸಂಕಿರಣದಲ್ಲಿ ಓದಬೇಕು. ನಮ್ಮ ವಿಭಾಗದಲ್ಲಿ ಆ ವೇದಿಕೆ ಹತ್ತುತ್ತಿರುವ ಮೊದಲ ಹೆಂಗಸು ನಾನು. ಎಲ್ಲಿ ಎಡವುತ್ತಾಳೋ ಎಂದು ಬಾಗಿಲ ಸಂದಿಯಲ್ಲಿ ನೋಡುವ ಗಂಡಸರು ಎಷ್ಟು ಜನ ಎಂದು ನಿಮಗೇನು ಗೊತ್ತು?

ಗೆರೆ ಎಳೆದವರಿಗೆ ಗೊತ್ತಿಲ್ಲ ಎಂದಿರಂತೆ. ಎಳೆದವಳು ನಾನು. ಆ ದಿನ ಮರಳುಗಾಳಿ ಹೇಗೆ ಬಡಿಯುತ್ತಿತ್ತೆಂದು ನಿಮಗೆ ನೆನಪಿರಬೇಕು, ಖಾಲಿ ಪೆಟ್ಟಿಗೆ ಜೋಡಿಸಿಕೊಟ್ಟು ನೀವು ಇಲ್ಲೀಝಿಗೆ ಹೊರಟಿರಿ. ಶೆನೂಫ್ ಸಾಹೇಬರು ತಂಗಿಯ ಮದುವೆಗೆ ಹೋಗಿದ್ದರು. ಮೇಲೆತ್ತಿದ ಕೊರೆಯುವ ಕೊಳವೆಯಿಂದ ದಿಂಡು ಇಳಿಯುವಾಗ ಒಬ್ಬಳೇ ಮಂಡಿಯೂರಿ ಕೂತು, ಮೊದಲು ಹೊರಬಂದ ತುಂಡನ್ನು ಮೊದಲನೇ ಪೆಟ್ಟಿಗೆಯ ತಲೆಯಲ್ಲಿಟ್ಟು, ಬಂದ ಬಂದ ಹಾಗೆ ಒಂದರ ಕೆಳಗೊಂದು ಜೋಡಿಸಿ, ಗಾಳಿ ನಿಲ್ಲುವ ಮೊದಲೇ ಕೆಂಪು ಕಪ್ಪು ಎರಡೂ ಗೆರೆ ಎಳೆದು ಮುಗಿಸಿದ್ದೆ. ಒಂದು ತುಂಡು ಅದಲುಬದಲಾಗಿಲ್ಲ. ಇದಕ್ಕಿಂತ ನಿಷ್ಠೆಯಿಂದ ಹೇಗೆ ಮಾಡುವುದು, ಹೇಳಿ?

ಒಂದು ದಾರಿಯಿದೆ. 'ತಿಳಿಯದೆ ಮಾಡಿದೆ, ಕ್ಷಮಿಸಿ' ಎಂದು ನಾಲ್ಕು ಸಾಲು ಬರೆದುಕೊಡಿ. ನಾನು ಸಾಹೇಬರ ಮುಂದೆ ಮಾತಾಡಿ ಕೆಲಸ ವಾಪಸ್ ಕೊಡಿಸುತ್ತೇನೆ. ಹಟ ಬೇಡ. ಫದಿಮಾತಾ ಅಕ್ಕನಿಗೆ ನನ್ನ ಸಲಾಂ ಹೇಳಿ. ಬಾವಿಗೆ ಏನೂ ಆಗುವುದಿಲ್ಲ.

ನಿಮ್ಮ ತಂಗಿ,
ಝುಲೀಖಾ

*

ಇಲ್ಲೀಝಿ
ನವೆಂಬರ್ 24, 1978

ಇಂಜಿನಿಯರ್ ಮೇಡಂ ಅವರಿಗೆ,

ನಾಲ್ಕು ಸಾಲು ಕೇಳಿದ್ದಿರಿ. ನಾಲ್ಕಕ್ಕಿಂತ ಹೆಚ್ಚೇ ಇವೆ, ಓದಿ.

ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಮೂರನೆಯ ಸಲ ಒಂದು ಮಾತು ಕಣ್ಣಿಗೆ ಬಿದ್ದ ಮುಳ್ಳಿನ ಹಾಗೆ ಚುಚ್ಚಿತು. ಅದನ್ನು ಇಟ್ಟುಕೊಂಡು ಲಖ್ದರನ ಹತ್ತಿರ ಹೋದೆ. ನಿಮ್ಮ ಆ ಎಣ್ಣೆಬಾವಿಯನ್ನು ಕೊರೆದ ಮೇಸ್ತ್ರಿ ಲಖ್ದರ್, ಈಗ ಲಾರಿ ನಿಲ್ದಾಣದ ಪಕ್ಕ ಯಂತ್ರ ರಿಪೇರಿ ಮಾಡಿಕೊಂಡಿದ್ದಾನೆ. ಏನನ್ನೂ ಹೇಳದೆ ಸುಮ್ಮನೆ ಕೇಳಿದೆ.

"ಲಖ್ದರ್, ಕೊಳವೆಯಿಂದ ದಿಂಡು ಇಳಿಸ್ತೀರಲ್ಲ, ಮೊದಲು ಹೊರಗೆ ಬರೋ ತುಂಡು ಯಾವುದು?"

"ಇದೇನ್ ಕೇಳ್ತೀಯ ಮಾರಾಯ? ಬುಡದ್ದು!"

"ತುದೀದು ಅಲ್ವಾ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಒಂದು ಟೊಳ್ಳು ಕೊಳವೆ ಎತ್ತಿಕೊಂಡು, ಕೈ ತೊಳೆಯುವ ಜಾಗದ ಒದ್ದೆ ಮರಳಿಗೆ ಕುಟ್ಟಿದ. ಮೇಲೆತ್ತಿ ಹಿಡಿದು ತಟ್ಟಿದ. ಆಳದ ಕಪ್ಪು ಮಣ್ಣು ಮೊದಲು ಬಿತ್ತು, ಮೇಲಿನ ಮರಳು ಕಡೆಗೆ ಉದುರಿತು.

"ಹೋದ ದಾರೀಲೇ ತಾನೆ ವಾಪಸ್ ಬರೋದು? ಕೊಳವೆ ಒಳಗೆ ಕಡೆಗೆ ನುಗ್ಗಿದ್ದು ಬಾಯಲ್ಲೇ ನಿಂತಿರುತ್ತೆ. ಅದೇ ಮೊದಲು ಬೀಳುತ್ತೆ. ಅದನ್ನ ಕೊನೇ ಪೆಟ್ಟಿಗೆ ಬುಡಕ್ಕಿಟ್ಟು, ಮೇಲಕ್ಕೆ ಜೋಡಿಸ್ಕೊಂಡು ಹೋಗ್ಬೇಕು. ನಮ್ಮ ಗುಡಿಸೋನಿಗೂ ಗೊತ್ತು. ಯಾವ ಬೆಪ್ಪು ಅದನ್ನ ಮೊದಲನೇ ಪೆಟ್ಟಿಗೇಲಿಟ್ಟಿದ್ದು?"

ನಾನು ಹೆಸರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬರುತ್ತಿದೆ. ನೀವು ಊರಲ್ಲಿ ನನ್ನ ಹೆಸರಿನ ಮಾನ ಕಳೆದಿರಿ, ನಾನು ನಿಮ್ಮ ಹೆಸರನ್ನು ಬಾಯಿಯೊಳಗೆ ಮುಚ್ಚಿಟ್ಟುಕೊಂಡು ಬಂದೆ!

ನಿಮ್ಮ ಕೈಯಲ್ಲೇ ಬರೆದಿದ್ದೀರಿ: 'ಮೊದಲು ಹೊರಬಂದ ತುಂಡನ್ನು ಮೊದಲನೇ ಪೆಟ್ಟಿಗೆಯ ತಲೆಯಲ್ಲಿಟ್ಟು.' ಒಂದು ತುಂಡೂ ಅದಲುಬದಲಾಗಿಲ್ಲ, ನಿಜ. ಎಲ್ಲವೂ ಒಟ್ಟಿಗೇ ಬುಡಮೇಲಾಗಿವೆ.

ಈಗ ನಿಮ್ಮ ಸಮುದ್ರವನ್ನು ತಿರುಗಿಸಿ ಓದಿ. ಬುಡದಲ್ಲಿ ಉರುಟುಕಲ್ಲು, ಮೇಲೆ ಒರಟು ಮರಳು, ಅದರ ಮೇಲೆ ನುಣ್ಣನೆ ಮರಳು, ಎಲ್ಲಕ್ಕೂ ಮೇಲೆ ಕೆಸರು, ಕೆಸರಿನ ತಲೆಯಲ್ಲಿ ಬಟ್ಟಲು. ಪ್ರವಾಹ ಬಂದ ಮಾರನೇ ದಿನ ಯಾವ ಹಳ್ಳಕ್ಕಾದರೂ ಹೋಗಿ ಒಂದು ಗುಂಡಿ ತೋಡಿ. ನೀರು ರಭಸದಲ್ಲಿದ್ದಾಗ ಕಲ್ಲು ಕೂರುತ್ತದೆ, ಸುಸ್ತಾದಾಗ ಮರಳು, ಸತ್ತಾಗ ಕೆಸರು. ಆಮೇಲೆ ಇನ್ನೊಂದು ಪ್ರವಾಹ, ಮತ್ತೆ ಕಲ್ಲು. ನಿಮ್ಮ ದಿಂಡಿನಲ್ಲಿ ಇಂಥವು ಏಳು ಸಲ ಬಂದಿವೆ, ನಾನು ಎಣಿಸಿದ್ದೇನೆ. ದಕ್ಷಿಣದ ಬೆಟ್ಟಗಳಿಂದ ಇಳಿದು ಉತ್ತರಕ್ಕೆ ಹರಿದ ನದಿ ಅದು. ಅದರ ಮರಳಿನ ಸಂದಿಯಲ್ಲೇ ನಿಮ್ಮ ಎಣ್ಣೆ ಬಂದು ಕೂತಿರುವುದು. ಎಣ್ಣೆ ಬೇಕಾದರೆ ಉತ್ತರಕ್ಕೆ ಹೋಗಿ. ಪೂರ್ವಕ್ಕೆ ಯಾಕೆ ಬರುತ್ತೀರಿ, ನಮ್ಮ ಗಂಟಲಿಗೆ ಕೈ ಹಾಕಲು?

ಕೊರೆಯುವ ಯಂತ್ರದ ಸಾಮಾನು ಹೊತ್ತ ಲಾರಿಗಳು ಬರಲು ಶುರುವಾಗಿವೆ. ಅಕ್ಕ ದಿನಾ ಕೇಳುತ್ತಾಳೆ: "ಆ ಹುಡುಗಿ ಏನಂದ್ಲು?" "ಬರೀತಾಳೆ ಅಕ್ಕ," ಎನ್ನುತ್ತೇನೆ. ಜನವರಿ ಹತ್ತಕ್ಕೆ ಇನ್ನು ನಲವತ್ತೇಳು ದಿನ. ಒಂದು ತಂತಿ ಸಂದೇಶ ಸಾಕು. 'ಗೆರೆ ತಪ್ಪಿದೆ, ನಿಲ್ಲಿಸಿ.' ನಾಲ್ಕು ಸಾಲು ಕೂಡ ಬೇಡ, ಮೂರೇ ಪದ.

ಕ್ಷಮಾಪತ್ರ ನಾನು ಬರೆಯುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕಾಲ ಮುಗಿಯಿತು.

ಎಗ್ಲೆಸ್ ಅಗ್ ಖಾಮಿದು

*

ಬೂಮೆರ್ದೆಸ್
ಡಿಸೆಂಬರ್ 18, 1978

ಶ್ರೀ ಎಗ್ಲೆಸ್ ಅಗ್ ಖಾಮಿದು ಅವರಿಗೆ,

ನಿಮ್ಮ ನವೆಂಬರ್ 24ರ ಪತ್ರ ತಲುಪಿದೆ. ಅದರಲ್ಲಿನ ವಿಷಯಗಳು ಸಂಬಂಧಪಟ್ಟವರ ಪರಿಶೀಲನೆಯಲ್ಲಿವೆ. ಕೊರೆತದ ಕಾರ್ಯಕ್ರಮ ನಿಗದಿಯಾದಂತೆ ನಡೆಯಲಿದೆ.

ಬೇರೊಂದು ಸಂಸ್ಥೆಯಲ್ಲಿ ಕಾವಲುಗಾರನ ಕೆಲಸಕ್ಕೆ ನಿಮ್ಮ ಪರವಾಗಿ ಶಿಫಾರಸು ಪತ್ರ ಲಗತ್ತಿಸಿದ್ದೇನೆ. ಇನ್ನು ಮುಂದೆ ಈ ವಿಷಯವಾಗಿ ಮನೆಯ ವಿಳಾಸಕ್ಕೆ ಬರೆಯಬೇಡಿ.

ಝುಲೀಖಾ ತಾಮೆರ್
ಭೂವಿಜ್ಞಾನಿ

*

ಇಲ್ಲೀಝಿ
ಫೆಬ್ರವರಿ 9, 1979

ಇಂಜಿನಿಯರ್ ಮೇಡಂ,

ಮನೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಜನ ನಮ್ಮ ಮನೆಗೆ ಬರುವಾಗ ವಿಳಾಸ ಕೇಳಿಕೊಂಡು ಬರಲಿಲ್ಲ.

ನಿಮ್ಮ ಶಿಫಾರಸು ಪತ್ರ ವಾಪಸ್ ಕಳಿಸಿದ್ದೇನೆ. ಆರು ವರ್ಷ ನಂಬಿಕೆಯಿಂದ ಕಾದವನಿಗೆ ಇನ್ಯಾರದೋ ಬಾಗಿಲು ಕಾಯುವ ಕೆಲಸ! ಗಾಯ ಮಾಡಿ ಮೇಲೆ ಉಪ್ಪು ಸವರುವುದು ಎಂದರೆ ಇದೇ.

ಜನವರಿ ಹತ್ತಕ್ಕೆ ಸರಿಯಾಗಿ ಕೊರೆಯಲು ಶುರು ಮಾಡಿದರು. ತಾರೀಖಿನ ವಿಷಯದಲ್ಲಿ ಮಾತ್ರ ನಿಮ್ಮ ಕಂಪನಿಯದು ಒಂದೇ ಮಾತು. ಬಾವಿಯ ಬಾಯಿಗೆ ಪಂಪು ಇಳಿಸಿದರು. ಹತ್ತೊಂಬತ್ತು ದಿನ ಹಗಲು ರಾತ್ರಿ ಎಳೆದರು. ನಮ್ಮ ಹಗ್ಗ ಇಪ್ಪತ್ತೆರಡು ಮಾರು. ನನ್ನ ತಾಯಿಯ ತಾಯಿ ಹೊಸೆದ ಕಾಲದಿಂದ ಅದಕ್ಕೆ ಯಾರೂ ಗಂಟು ಹಾಕಿ ಉದ್ದ ಮಾಡಿರಲಿಲ್ಲ. ಎಂಟನೇ ದಿನ ಎರಡು ಮಾರು ಸೇರಿಸಿದೆವು. ಈಗ ಮೂವತ್ತೊಂದು ಮಾರು ಇಳಿಸಿದರೆ ಚರ್ಮದ ಬಾನಿಯಲ್ಲಿ ಬರುವುದು ಕೆಸರು. ಆಡುಗಳು ಅದನ್ನು ಮೂಸಿ ಮುಖ ತಿರುಗಿಸುತ್ತವೆ.

ಎಣ್ಣೆ? ನಿಮ್ಮ ಕಚೇರಿಗೆ ತಂತಿ ಬಂದಿರಬೇಕು. ಮರಳುಕಲ್ಲೇ ಇಲ್ಲ, ಬರೀ ಜೇಡಿ. ನದಿಯ ದಡದಾಚೆಗಿನ ಕೆಸರು ಬಯಲು. ಶೆನೂಫ್ ಸಾಹೇಬರು ಕನ್ನಡಕ ಒರೆಸಿಕೊಂಡು ಜೀಪು ಹತ್ತಿದರು. ಅಕ್ಕ ಜೀಪಿಗೆ ಅಡ್ಡ ನಿಂತಳು.

"ಬಾವಿ ತುಂಬಿಸಿಕೊಟ್ಟು ಹೋಗು," ಎಂದಳು.

"ಅಮ್ಮಾ, ತಾನಾಗೇ ತುಂಬುತ್ತೆ. ಸ್ವಲ್ಪ ವರ್ಷ ಕಾಯ್ಬೇಕು."

"ಎಷ್ಟು ವರ್ಷ?"

"ಮಳೆ ಬಂದ ಹಾಗೆ."

"ನಿನ್ನ ಹೆಂಡ್ತಿ ಒಲೆ ಮೇಲೆ ಪಾತ್ರೆ ಇಟ್ಟು ಮಳೆ ಬರ್ಲಿ ಅಂತ ಕಾಯ್ತಾಳಾ?"

ಅವರು ಬೇರೆ ದಾರಿಯಿಂದ ಸುತ್ತಿಕೊಂಡು ಹೋದರು. ಆಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಇಲ್ಲಿಯವರೆಗೆ ನಿಮಗೆ ಹೇಳದೆ ಇಟ್ಟುಕೊಂಡದ್ದನ್ನು ಈಗ ಹೇಳುತ್ತೇನೆ. ಬಾವಿಯ ನೀರು ತೆಗೆಯಲು ಕಂಪನಿಗೆ ನಮ್ಮ ಬಿಡಾರದ ಹೆಬ್ಬೆಟ್ಟು ಬೇಕಿತ್ತು. ನಮ್ಮಲ್ಲಿ ಗುಡಾರ ಹೆಂಗಸಿನದು, ಬಾವಿಯ ಮಾತೂ ಅವಳದೇ. ಅಕ್ಕ ಒಪ್ಪಿರಲಿಲ್ಲ. ಮೇ ತಿಂಗಳಲ್ಲಿ ನೀವು ಬಂದಾಗ ಅವಳ ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಾ, "ಎರಡೇ ವಾರ ಅಕ್ಕ, ಬಾವಿಗೆ ಏನೂ ಆಗಲ್ಲ," ಎಂದಿರಿ. ಆಗಲೂ ಅವಳು ಒಪ್ಪಲಿಲ್ಲ. ನನ್ನ ಮುಖ ನೋಡಿದಳು. "ಈ ಹುಡುಗಿ ಸುಳ್ಳಾಡಲ್ಲ, ಒತ್ತು," ಎಂದವನು ನಾನು. ಶಾಯಿಯ ಡಬ್ಬಿ ಹಿಡಿದುಕೊಂಡವನೂ ನಾನೇ. ಪೆಟ್ಟಿಗೆ ತೆರೆದು ಬಟ್ಟಲುಗಳನ್ನು ನೋಡಿದ್ದು ಆಮೇಲೆ.

"ಕಲ್ಲು ಕಾಯ್ತೀನಿ ಕಾಯ್ತೀನಿ ಅಂತ ನಿನ್ನ ಕಣ್ಣೂ ಕಲ್ಲಾಯ್ತು," ಎಂದಳು ಅಕ್ಕ. ಗುಡಾರ ಬಿಚ್ಚಿದಳು. ನನ್ನ ಕೈಯಲ್ಲಿ ಒಂದು ಗೂಟ ಕೀಳಿಸಲಿಲ್ಲ. ಹದಿನಾಲ್ಕು ಆಡು, ಎರಡು ಒಂಟೆ, ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೋದಳು. ಎಲ್ಲಿಗೆ ಎಂದು ನಿಮಗೆ ಹೇಳುವುದಿಲ್ಲ. ಹೇಳಿದರೆ ಅಲ್ಲಿಗೂ ಲಾರಿ ಬರುತ್ತದೆ.

ಈ ಪೊಟ್ಟಣದಲ್ಲಿ ಹತ್ತಿಯ ನಡುವೆ ಒಂದು ಕೆಸರಿನ ಬಟ್ಟಲಿದೆ. ತೆಬೋರಾಕ್ ಹಳ್ಳದ್ದು, ಹೋದ ವರ್ಷದ ಪ್ರವಾಹದ್ದು. ಅದನ್ನು ನಿಮ್ಮ ಮೇಜಿನ ಮೇಲಿಡಿ. ಮೇಲು ಯಾವುದು, ಕೆಳಗು ಯಾವುದು ಎಂದು ಅದನ್ನು ಕೇಳಿ.

ಎಗ್ಲೆಸ್

*

ಬೂಮೆರ್ದೆಸ್
ಮಾರ್ಚ್ 19, 1979

ಎಗ್ಲೆಸ್ ಅಣ್ಣಾ,

ಅಣ್ಣ ಎನ್ನುವ ಹಕ್ಕು ಉಳಿದಿಲ್ಲ. ಆದರೂ ಬೇರೆ ಏನೆಂದು ಕರೆಯಲಿ?

ಇದರ ಜೊತೆ ಇನ್ನೊಂದು ಹಾಳೆ ಇದೆ. ಡಿಸೆಂಬರ್ 17ರದ್ದು. ಬರೆದು, ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ, ಕಳಿಸದೆ ಇಟ್ಟುಕೊಂಡದ್ದು. ಮೊದಲು ಅದನ್ನು ಓದಿ.

'ಅಣ್ಣಾ, ನೀವು ಹೇಳಿದ್ದೇ ಸರಿ. ನಿಮ್ಮ ಪತ್ರದ ಆ ಸಾಲು ಓದಿ ಪುಸ್ತಕ ತೆಗೆದು ನೋಡಿದೆ. ಪುಸ್ತಕದ ಮೊದಲ ಪುಟದಲ್ಲೇ ಇರುವ ಪಾಠ, ಬುಡದ್ದು ಮೊದಲು ಬರುತ್ತದೆ ಎಂದು. ನೂರು ಸಲ ಓದಿದ್ದೆ, ಒಂದು ಸಲವೂ ಮಾಡಿರಲಿಲ್ಲ. ಎಣ್ಣೆಬಾವಿಗೆ ಅಳತೆಯ ಉಪಕರಣ ಇಳಿಸಿ ತೆಗೆದ ಪದರಗಳ ದಾಖಲೆಯೂ ನೀವು ಹೇಳಿದ ಹಾಗೇ ಇತ್ತು. ನನ್ನ ದಿಂಡಿಗೆ ಹೊಂದಲಿಲ್ಲವೆಂದು ಉಪಕರಣವೇ ಕೆಟ್ಟಿದೆ ಎಂದು ಬದಿಗಿಟ್ಟೆವು. ಇಂದು ಶೆನೂಫ್ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕೂತರು. "ನೋಡಮ್ಮ, ಲಾರಿ ಹೊರಟಾಗಿದೆ. ಈಗ ಬಾಯಿ ಬಿಟ್ರೆ ಮೊದಲು ಹೋಗೋದು ನಿನ್ನ ತಲೆ, ಆಮೇಲೆ ನನ್ನದು. ಅದೃಷ್ಟ ಇದ್ರೆ ಅಲ್ಲೂ ಎಣ್ಣೆ ಸಿಗುತ್ತೆ, ಯಾರೂ ಕೇಳಲ್ಲ. ಆ ಮನುಷ್ಯನಿಗೆ ಎಲ್ಲಾದ್ರೂ ಒಂದು ಕೆಲಸ ಕೊಡ್ಸಿ ಬಾಯಿ ಮುಚ್ಸು," ಎಂದರು. ನಾಳೆ ತಂತಿ ಕಳಿಸುತ್ತೇನೆ ಅಣ್ಣಾ.'

ನಾಳೆ ಆಯಿತು. ತಂತಿ ಕಳಿಸಲಿಲ್ಲ. ಆ ದಿನ ಬೆಳಿಗ್ಗೆ ಸಂಕಿರಣದ ಆಹ್ವಾನ ಪತ್ರಿಕೆ ಅಚ್ಚಾಗಿ ಬಂತು. ಅದರಲ್ಲಿ ನನ್ನ ಹೆಸರಿತ್ತು. ಅಮ್ಮ ಅದನ್ನು ಗೋಡೆಗೆ ಅಂಟಿಸಿದಳು. ನಾನು ಕೂತು ನಿಮಗೆ ಆ ಶಿಫಾರಸು ಪತ್ರ ಬರೆದೆ. ಬೇರೆ ನೆಪ ಯಾವುದೂ ಇಲ್ಲ. ಶೆನೂಫ್ ಅಯೋಗ್ಯ, ಸರಿ. ಆದರೆ ನನ್ನ ಕೈಯನ್ನು ಅವನು ಹಿಡಿದುಕೊಂಡಿರಲಿಲ್ಲ. ಥೂ, ನನ್ನ ಮೇಲೆ ನನಗೇ ಎಷ್ಟು ಹೇಸಿಗೆ ಎಂದರೆ ಮೂರು ತಿಂಗಳಿಂದ ಕೆಂಪು ಸೀಸದಕಡ್ಡಿ ಕೈಗೆತ್ತಿಕೊಳ್ಳಲಾಗುತ್ತಿಲ್ಲ.

ನಿಮ್ಮ ಬಟ್ಟಲು ಒಡೆಯದೆ ತಲುಪಿತು. ಮಾರ್ಚ್ ಹನ್ನೆರಡಕ್ಕೆ ಅದನ್ನು ಕೈಚೀಲದಲ್ಲಿಟ್ಟುಕೊಂಡೇ ವೇದಿಕೆ ಹತ್ತಿದೆ. ಬರೆದು ತಂದದ್ದನ್ನು ಓದಲಿಲ್ಲ. ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿದೆ. "ನನ್ನ ವರದಿ ಹೀಗಿದೆ," ಎಂದೆ. ಆಮೇಲೆ ಎತ್ತಿ ಬಾಯಿ ಮೇಲೆ ಮಾಡಿ ಇಟ್ಟೆ. "ಕಲ್ಲು ಹೀಗಿದೆ. ಇದನ್ನು ಹೇಳಿದವರು ಇಲ್ಲೀಝಿಯ ಎಗ್ಲೆಸ್ ಅಗ್ ಖಾಮಿದು. ಹೇಳಿದ್ದಕ್ಕೆ ಅವರ ಕೆಲಸ ಹೋಯಿತು. ಗೆರೆ ತಪ್ಪಾಗಿ ಎಳೆದವಳು ನಾನು. ತಪ್ಪು ಗೊತ್ತಾದ ಮೇಲೂ ಇಪ್ಪತ್ತಮೂರು ದಿನ ಸುಮ್ಮನಿದ್ದು ಯಂತ್ರ ಕೊರೆಯಲು ಬಿಟ್ಟವಳೂ ನಾನೇ." ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಶೆನೂಫ್ ಎದ್ದು ಹೊರಗೆ ಹೋದ.

ನನ್ನ ಬಡ್ತಿ ಹೋಯಿತು, ಛೀಮಾರಿ ಪತ್ರ ಬಂತು. ಅದು ನನಗೆ ಸಲ್ಲಬೇಕಾದದ್ದೇ. ನಿಮ್ಮ ಮೇಲಿನ ಆರೋಪ ರದ್ದಾಗಿದೆ. ಬೀಗದ ಕೈ ಈ ತಿಂಗಳೇ ವಾಪಸ್ ಬರುತ್ತದೆ.

ಇನ್ನೊಂದು ಸುದ್ದಿ ಇದೆ ಅಣ್ಣಾ. ಇದನ್ನು ಕೇಳಿ ನಿಮ್ಮ ಸಿಟ್ಟು ಎಳ್ಳಷ್ಟಾದರೂ ಇಳಿದೀತು ಎಂದು ಆಸೆ. ಮೇಲಿನವರು ನಿಮ್ಮ ಮಾತನ್ನೇ ಒಪ್ಪಿದ್ದಾರೆ. ಏಳು ಪ್ರವಾಹಗಳನ್ನು ನಾನೂ ಎಣಿಸಿದೆ, ಏಳೇ. ನದಿಯ ಹಾದಿಯನ್ನು ಉತ್ತರಕ್ಕೆ ಗೆರೆ ಹಾಕಿ ನೋಡಿದೆವು. ಮೂರನೇ ಎಣ್ಣೆಬಾವಿಯ ಜಾಗ ನಿಗದಿಯಾಗಿದೆ: ತಿನ್ ಅಲೂಸ್. ಅಲ್ಲಿ ಕೂಡ ಹಳೆಯ ಬಾವಿಯೊಂದಿದೆಯಂತೆ, ನೀರಿಗೆ ತೊಂದರೆಯಾಗದು. ಅಲ್ಲಿ ಎಣ್ಣೆ ಖಂಡಿತ ಸಿಗುತ್ತದೆ. ವರದಿಯ ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ. ಈ ಸಲ ಶುರುವಿಗೆ ಮೊದಲೇ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದಾರೆ. ಕೊಳವೆಯ ಬಾಯಲ್ಲಿ ನಾನೂ ನೀವೂ ಒಟ್ಟಿಗೆ ಕೂತು ದಿಂಡು ಜೋಡಿಸೋಣ.

ಮೇ ಎರಡಕ್ಕೆ ಇಲ್ಲೀಝಿ ತಲುಪುತ್ತೇನೆ. ಮೊದಲು ಫದಿಮಾತಾ ಅಕ್ಕ ಎಲ್ಲಿದ್ದಾರೋ ಅಲ್ಲಿಗೆ ಕರೆದುಕೊಂಡು ಹೋಗಿ. ಅವರ ಕಾಲು ಹಿಡಿಯಬೇಕು. ಅವರ ಕೈಯಿಂದ ಒಂದು ಬೋಗುಣಿ ನೀರು ಕುಡಿದ ಮೇಲೆಯೇ ಕೆಲಸಕ್ಕೆ ಕೈ ಹಾಕುತ್ತೇನೆ.

ಝುಲೀಖಾ

*

ತಿನ್ ಅಲೂಸ್
ಏಪ್ರಿಲ್ 14, 1979

ಝುಲೀಖಾ,

ಈ ಕಾಗದವನ್ನು ಎಲ್ಲಿಂದ ಬರೆಯುತ್ತಿದ್ದೇನೆ ಎಂದು ಮೇಲೆ ನೋಡಿದೆಯಾ? ಇನ್ನೊಂದು ಸಲ ನೋಡು.

ಅಕ್ಕ ಗುಡಾರ ಬಿಚ್ಚಿಕೊಂಡು ಬಂದದ್ದು ಇಲ್ಲಿಗೆ. ನೀನು ಜಾಗ ಗುರುತು ಮಾಡಿದ ಕಡೆ ಹೊಡೆದಿರುವ ಕಬ್ಬಿಣದ ಗೂಟಕ್ಕೆ ಅವಳು ಆಡಿನ ಮರಿ ಕಟ್ಟಿದ್ದಾಳೆ. ಗೂಟ ಯಾವುದು ಎಂದು ಅವಳಿಗೆ ಗೊತ್ತಿರಲಿಲ್ಲ. ನಿನ್ನ ಪತ್ರ ಓದಿ ಹೇಳಿದವನು ನಾನು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಉತ್ತರಕ್ಕೆ ಹೋಗಿ ಅಂತ ಅವರಿಗೆ ಹೇಳಿದ್ದು ಯಾರು?" ಎಂದು ಕೇಳಿದಳು.

"ನಾನು, ಅಕ್ಕ."

"ಸರಿಯಾಗೇ ಹೇಳಿದ್ಯಾ?"

"ಸರಿಯಾಗೇ ಹೇಳ್ದೆ."

"ಹಾಗಾದ್ರೆ ತಪ್ಪು ಹೇಳಿದ್ರೂ ಹೋಗೋದು ನಮ್ಮ ಬಾವಿ, ಸರಿ ಹೇಳಿದ್ರೂ ನಮ್ಮ ಬಾವಿ!"

ಇದಕ್ಕೆ ಉತ್ತರ ನಿನಗೆ ಹೊಳೆದರೆ ಬರೆ. ಓದಿದವಳು ನೀನು.

ವೇದಿಕೆಯ ಮೇಲೆ ನೀನು ಮಾಡಿದ್ದು ಸಣ್ಣ ಕೆಲಸವಲ್ಲ. ಸುಳ್ಳು ಹೊಗಳಿಕೆ ನನಗೆ ಬಾರದು, ಆದ್ದರಿಂದ ಒಂದೇ ಸಲ ಹೇಳುತ್ತೇನೆ: ಅದು ಗಟ್ಟಿಗಿತ್ತಿಯ ಕೆಲಸ. ಬೀಗದ ಕೈಯನ್ನು ತೆಗೆದುಕೊಂಡೆ, ಅದು ನನ್ನದು. ಲಾರಿ ನಿಲ್ದಾಣದಲ್ಲಿ ಜನ ಮತ್ತೆ ಸಲಾಂ ಹೊಡೆಯುತ್ತಾರೆ. ಆದರೆ ನಿನ್ನ ಡಿಸೆಂಬರಿನ ಹಾಳೆಯನ್ನು ಓದಿದಾಗ ಬಂದ ಸಿಟ್ಟು ಕಡಿಮೆಯಾಗಿಲ್ಲ. ನೀನು ನನ್ನ ಮಾತು ನಂಬದೆ ಸುಮ್ಮನಿದ್ದೀಯ ಎಂದುಕೊಂಡಿದ್ದೆ. ಗೊತ್ತಿದ್ದೂ ಅಂಚೆಚೀಟಿ ಅಂಟಿಸಿ ಇಟ್ಟುಕೊಂಡಿದ್ದೆಯಲ್ಲ! ಆ ಲಕೋಟೆಗೆ ನೀನು ಅಂಚೆಚೀಟಿ ಅಂಟಿಸದೆ ಇದ್ದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಈಗಲೂ ನೀನು ಬರೆದಿದ್ದೀಯ: 'ನೀರಿಗೆ ತೊಂದರೆಯಾಗದು.' ನಿಮ್ಮ ಯಂತ್ರಕ್ಕೆ ತೊಂದರೆಯಾಗದು ಎಂದು ಅರ್ಥ. ನಲವತ್ತು ಕೋಟಿ ವರ್ಷದ ಹಿಂದಿನ ನೀರು ಯಾವ ಕಡೆ ಹರಿಯಿತು ಎಂದು ಈಗ ನಿನಗೆ ಸರಿಯಾಗಿ ಓದಲು ಬರುತ್ತದೆ. ನಿನ್ನೆ ಮೊನ್ನೆಯ ಬಾವಿಯನ್ನು ಓದಲು ಯಾವಾಗ ಕಲಿಯುತ್ತೀಯ? ಇಲ್ಲಿ ಹಗ್ಗ ಹದಿನೆಂಟು ಮಾರು. ಹನ್ನೊಂದು ಗುಡಾರ ಈ ಬಾವಿಯ ಮೇಲಿವೆ.

ಅಕ್ಕ ನಿನಗೆ ಒಂದು ಮಾತು ಹೇಳಿ ಕಳಿಸಿದ್ದಾಳೆ. ಇದನ್ನು ಬರೆಯಲು ನನಗೆ ಮೂರು ದಿನ ಬೇಕಾಯಿತು. ನಾಚಿಕೆಗೆ ಮುಖಕ್ಕೆ ಸುತ್ತುವ ಬಟ್ಟೆಯನ್ನು ಕಣ್ಣಿನವರೆಗೂ ಎಳೆದುಕೊಂಡು ಬರೆಯುತ್ತಿದ್ದೇನೆ. ನಮ್ಮ ಅಜ್ಜಿಯರ ಕಾಲದಿಂದ ಈ ನೆಲದಲ್ಲಿ ಯಾವ ಹೆಂಗಸೂ ಯಾರಿಗೂ ಇದನ್ನು ಹೇಳಿದ್ದಿಲ್ಲ, ಶತ್ರುವಿಗೂ ಹೇಳಿದ್ದಿಲ್ಲ. ಅವಳು ಗುಡಾರವನ್ನು ಬಾವಿಯ ಬಾಯಿಗೆ ಅಡ್ಡವಾಗಿ ಕಟ್ಟಿ, ಹಗ್ಗವನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತು ಹೇಳಿದಳು:

"ಆ ಹುಡುಗಿ ಬರ್ಲಿ. ನನ್ನ ಚಾಪೆ ಮೇಲೆ ಕೂರ್ಲಿ, ರೊಟ್ಟಿ ತಿನ್ಲಿ. ಆದ್ರೆ ಅವಳೂ, ಅವಳ ಯಂತ್ರಾನೂ, ಅವರ ನೀರು ಅವರೇ ತರ್ಲಿ."

ಎಗ್ಲೆಸ್